ಸರ್ಜಾನ ಕೋಡು ತೆಗೆಸುವ ಮಾತು

ಉಮದಿ,
ವೈಶಾಖ ಮಾಸ

ಪುಣೆಯಲ್ಲಿರುವ ಮೊಮ್ಮಗಳಿಗೆ,

ಫೋನಿನಲ್ಲಿ ನಮ್ಮ ಎತ್ತು ಸರ್ಜಾನ ಸುದ್ದಿ ಬಂದ ಕೂಡಲೇ ನಿನ್ನ ದನಿ ಒಡೆಯುತ್ತದೆ, ನನಗೂ ಮುಂದಿನ ಮಾತು ಹೊರಡುವುದಿಲ್ಲ. ಅದಕ್ಕೇ ಕಾಗದ ಹಿಡಿದೆ. ಮೊದಲು ಸುದ್ದಿ ತಿಳಿದಾಗ ನೀನು, "ಮುತ್ಯಾ, ರೊಕ್ಕ ಎಷ್ಟ ಹೋದ್ರೂ ಹೋಗಲಿ, ಗಾಡಿ ಮಾಡಿ ಶಿರವಳದ ಪಶುವೈದ್ಯ ಕಾಲೇಜಿಗೆ ಒಯ್ಯೂಣು" ಅಂದಿ. ಮೊನ್ನೆ ಅಪ್ಪ ಕಳಿಸಿದ ವಿಡಿಯೊ ನೋಡಿದ ಮೇಲೆ, "ಅವನ ತ್ರಾಸ ನನ್ನ ಕಡೆಯಿಂದ ನೋಡೂದ ಆಗೂದಿಲ್ಲ, ಸೂಜಿ ಹಾಕಿಸಿ ಮಲಗಿಸಿಬಿಡ್ರಿ" ಅಂದಿ. ಎರಡೂ ನಿನ್ನ ಪ್ರೀತಿಯ ಮಾತುಗಳೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಯವ್ವಾ, ಎರಡು ಸಲವೂ ನೀನು ನಿನ್ನ ಸಂಕಟವನ್ನು ಹೇಳಿದಿ. ಸರ್ಜಾ ಇವತ್ತು ಹೇಗಿದ್ದಾನೆ ಎಂದು ಕೇಳಲಿಲ್ಲ. ತೀರ್ಮಾನ ಅಲ್ಲಿಂದಲೇ ಶುರುವಾಗಬೇಕು ಎಂದು ನನ್ನ ನಂಬಿಕೆ.

ಇವತ್ತು ಮುಂಜಾನೆ ಅವನು ತಾನಾಗಿ ಎದ್ದು ನಿಂತಿದ್ದ. ಎಡಗೋಡು ಕಿವಿಯ ಕಡೆಗೆ ಜೋತಿದೆ, ತಲೆಯೂ ಅತ್ತಲೇ ವಾಲಿದೆ. ಎಡ ಹೊಳ್ಳೆಯಿಂದ ರಕ್ತದ ಎಳೆ ಬೆರೆತ ಸಿಂಬಳ ಇಳಿಯುತ್ತದೆ, ಅದಕ್ಕೆ ಕೆಟ್ಟ ವಾಸನೆ. ಕೋಡಿನ ಬುಡ ಕೈಗೆ ಬಿಸಿ ಹತ್ತುತ್ತದೆ, ಬೆರಳೊತ್ತಿದರೆ ಮಾಗಿದ ಪೇರಲ ಹಣ್ಣಿನಷ್ಟು ಮೆತ್ತಗಿದೆ. ಬೇವಿನ ಗಿಡಕ್ಕೆ ಅದನ್ನು ತಿಕ್ಕುತ್ತಾನೆ, ಆಗಾಗ ತಲೆ ಕೊಡವುತ್ತಾನೆ. ಅಷ್ಟಿದ್ದರೂ ಕಣಕಿ ತಿಂದ, ನೆನೆಸಿಟ್ಟ ಹಿಂಡಿಯ ಬುಟ್ಟಿ ಖಾಲಿ ಮಾಡಿದ, ಬಿಸಿಲೇರಿದ ಮೇಲೆ ನೆರಳಿನಲ್ಲಿ ಮಲಗಿ ಕಣ್ಣು ಅರೆಮುಚ್ಚಿ ಮೆಲುಕು ಹಾಕಿದ. ನಿಮ್ಮ ಆಯಿ ಹೆಸರು ಹಿಡಿದು ಕರೆದರೆ ಈಗಲೂ ಕಿವಿ ತಿರುಗಿಸುತ್ತಾನೆ. ವಿಡಿಯೊದಲ್ಲಿ ಜೋತ ಕೋಡು ಮತ್ತು ರಕ್ತ ಕಂಡಿತು, ಮೆಲುಕು ಕಾಣಲಿಲ್ಲ.

ದನದ ಡಾಕ್ಟರರು ಬಂದು ಹಣೆ, ಮೂಗು, ಕಿವಿಯ ಕೆಳಗಿನ ಗಂಟು ಎಲ್ಲ ಮುಟ್ಟಿ ನೋಡಿದರು. ಎರಡೂ ಕೋಡಿಗೆ ಬೆರಳ ಗಿಣ್ಣಿನಿಂದ ಬಡಿದರು. ಬಲಗೋಡು ಟಣ್ ಎಂದಿತು, ಎಡಗೋಡು ದಬ್ ಎಂದಿತು. ಇದು ಕೋಡಿನ ಕ್ಯಾನ್ಸರ್, ತೆಗೆದ ಮೇಲೆ ಒಂದು ತುಣುಕನ್ನು ಪರೀಕ್ಷೆಗೆ ಕಳಿಸಿ ಖಾತ್ರಿ ಮಾಡಿಕೊಳ್ಳೋಣ ಎಂದರು. ಕೋಡು ಹೊರಗಿನಿಂದ ಗಟ್ಟಿ ಕಂಡರೂ ಬಲಿತ ಎತ್ತಿನಲ್ಲಿ ಅದರೊಳಗಿನ ಎಲುಬು ಟೊಳ್ಳು. ಆ ಟೊಳ್ಳು ಹಣೆಯೊಳಗಿನ ಗಾಳಿಗೂಡಿಗೆ ಕೂಡುತ್ತದೆ, ಅಲ್ಲಿಂದ ಮೂಗಿಗೆ ದಾರಿಯಿದೆ. ಒಳಪದರಿನಲ್ಲಿ ಹುಟ್ಟಿದ ರೋಗ ಹೊಳ್ಳೆಯಲ್ಲಿ ರಕ್ತವಾಗಿ ಇಳಿಯುವುದು ಹೀಗೆ. ಕಣ್ಣಿನ ಕಡೆಗೆ ಬಾವು ಇಳಿದಿಲ್ಲ, ಕಿವಿಯ ಕೆಳಗಿನ ಗಂಟು ದಪ್ಪಗಾಗಿಲ್ಲ ಎಂದು ಅವರು ಹೇಳಿದಾಗ ನಿಮ್ಮ ಅಪ್ಪನ ಮುಖ ಸ್ವಲ್ಪ ತಿಳಿಯಾಯಿತು. ಹಣೆಗೂಡಿನೊಳಗೆ ಎಷ್ಟು ಹಬ್ಬಿದೆ ಎನ್ನುವುದು ಕೋಡು ತೆಗೆದಾಗಲೇ ಕಾಣುತ್ತದೆ.

ಈ ರೋಗ ಬೇರೆ ದೇಶಗಳಲ್ಲಿ ವಿರಳ, ನಮ್ಮ ದೇಶದ ಉದ್ದ ಕೋಡಿನ ನಾಟಿ ದನಗಳಲ್ಲಿ ಹೆಚ್ಚು. ಅದರಲ್ಲೂ ಆಕಳಿಗಿಂತ, ಬೀಜದ ಹೋರಿಗಿಂತ, ಬೀಜ ಒಡೆಸಿದ ಎತ್ತಿಗೆ ಹೆಚ್ಚಾಗಿ ಬರುತ್ತದೆ. ಸಾಮಾನ್ಯವಾಗಿ 5ರಿಂದ 10 ವರ್ಷದೊಳಗಿನ, ದುಡಿಯುವ ವಯಸ್ಸಿನ ಎತ್ತಿಗೇ ಬರುವಂಥದ್ದು. ಸರ್ಜಾನಿಗೆ ಇಳಿವಯಸ್ಸಿನಲ್ಲಿ ಬಂದಿದೆ. ಬೀಜ ಒಡೆದ ಮೇಲೆ ಮೈಯಲ್ಲಿ ಆಗುವ ಬದಲಾವಣೆ, ನೊಗದ ಹಗ್ಗ ಕೋಡಿನ ಬುಡಕ್ಕೆ ವರ್ಷಗಟ್ಟಲೆ ಉಜ್ಜುವುದು, ಕೋಡು ಹೆರೆಯುವುದು, ಬಣ್ಣ ಬಳಿಯುವುದು, ಸುಡುಬಿಸಿಲು ಎಂದು ತಿಳಿದವರು ಹಲವು ಕಾರಣಗಳನ್ನು ಹೇಳುತ್ತಾರೆ. ಇದೊಂದೇ ಕಾರಣ ಎಂದು ಯಾರೂ ಬೆರಳಿಟ್ಟು ತೋರಿಸಿಲ್ಲ. ಆದ್ದರಿಂದ, "ನಾವು ಬಣ್ಣ ಬಳಿದಿದ್ದಕ್ಕೇ ಹಿಂಗಾತೇನೋ" ಎಂದು ನೀನು ಅಳುವುದು ಬೇಡ. ಈ ಸೀಮೆಯಲ್ಲಿ ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚದ ಮನೆ ಯಾವುದಿದೆ?

ಖಿಲಾರಿ ದನ ನಮ್ಮ ಸೀಮೆಯ ಆಸ್ತಿ. ಜತ್ತ, ಆಟಪಾಡಿ, ಸಾಂಗೋಲಾ, ಮಂಗಳವೇಢೆ, ಗಡಿಯಾಚೆಗೆ ಚಡಚಣ, ಇಂಡಿ, ಅಥಣಿ, ಇಷ್ಟು ಸೀಮೆಗೆ ರಾಜ್ಯ ಎರಡಾದರೂ ದನದ ತಳಿ ಒಂದೇ. ನಮ್ಮ ಕಡೆಯವು ಹಣಮ ಖಿಲಾರಿ. ಬೂದಿ ಮಿಶ್ರಿತ ಬಿಳಿ ಮೈ, ಚುರುಕು ನಡಿಗೆ, ಹಿಂದಕ್ಕೆ ಬಾಗಿ ಬಿಲ್ಲಿನ ಹಾಗೆ ಮೇಲೇಳುವ ಕೋಡು. ಆ ಕೋಡನ್ನು ಹೆರೆದು ನುಣುಪು ಮಾಡುತ್ತಾರೆ, ಎಣ್ಣೆ ತಿಕ್ಕುತ್ತಾರೆ, ಹಿತ್ತಾಳೆಯ ಕೊಡಣಸು ಹಾಕಿ ಗೊಂಡೆ ಕಟ್ಟುತ್ತಾರೆ. ಆಟಪಾಡಿಯ ಖರಸುಂಡಿ ಜಾತ್ರೆಯಲ್ಲಾಗಲಿ, ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ತೊರವಿಯಲ್ಲಿ ಕೂಡುವ ದನದ ಸಂತೆಯಲ್ಲಾಗಲಿ, ಕೊಳ್ಳುವವನ ಕಣ್ಣು ಮೊದಲು ಹೋಗುವುದು ಕೋಡಿಗೆ. ಒಂಟಿ ಕೋಡಿನ ಖಿಲಾರಿಗೆ ಸಂತೆಯಲ್ಲಿ ಬೆಲೆಯಿಲ್ಲ. ಹೀಗಾಗಿ ಈ ರೋಗ ಬಂದ ಎತ್ತಿನ ಕೋಡು ತೆಗೆಸಲು ಜನ ಹಿಂದೆಮುಂದೆ ನೋಡುತ್ತಾರೆ. ಇನ್ನೊಂದು ವಾರ ನೋಡೋಣ, ಅಮಾವಾಸ್ಯೆ ಕಳೆಯಲಿ ಎಂದು ದಿನ ದೂಡುತ್ತಾರೆ. ಅಷ್ಟರಲ್ಲಿ ಬುಡದಲ್ಲಿದ್ದ ರೋಗ ಹಣೆಗೆ ಇಳಿದಿರುತ್ತದೆ. ಬೇಗ ಕಂಡುಹಿಡಿದು ಬುಡಸಮೇತ ತೆಗೆದರೆ ಎತ್ತು ಗುಣವಾಗಿ ಮತ್ತೆ ಗಳೆ ಹೊಡೆದದ್ದುಂಟು. ನಮ್ಮ ಸರ್ಜಾನಿಗೆ ಸಂತೆಯ ಹಂಗಿಲ್ಲ. ಅವನನ್ನು ಯಾರಿಗೂ ಮಾರಬೇಕಾಗಿಲ್ಲ, ಯಾರಿಗೂ ತೋರಿಸಬೇಕಾಗಿಲ್ಲ.

ಮಾರುವ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಿಮ್ಮ ಕಾಕಾ ದಲಾಲಿಯ ಫೋನ್ ನಂಬರ್ ತಂದಿದ್ದ. ಅವನ ಮೇಲೆ ಸಿಟ್ಟಾಗಬೇಡ. ಮೇವಿನ ಲೆಕ್ಕ ಹಾಕುವವನು ಅವನೇ, ಟ್ರ್ಯಾಕ್ಟರ್ ಬಂದ ಮೇಲೆ ದುಡಿಯದ ಎತ್ತಿಗೆ ಬೇಸಿಗೆಯಲ್ಲಿ ಕಣಕಿ ಕೊಂಡು ಹಾಕುವುದು ಸಣ್ಣ ಮಾತಲ್ಲ. ಆದರೆ ಮುದಿ ಎತ್ತನ್ನು ದಲಾಲಿ ಯಾತಕ್ಕೆ ಕೊಳ್ಳುತ್ತಾನೆ? ಮಹಾರಾಷ್ಟ್ರದಲ್ಲಿ 2015ರ ಮಾರ್ಚ್‌ನಿಂದ ಹೋರಿ, ಎತ್ತುಗಳನ್ನು ಕಡಿಯುವುದಕ್ಕೂ ನಿಷೇಧವಿದೆ. ಕರ್ನಾಟಕದಲ್ಲೂ ಅಂಥದ್ದೇ 2020ರ ಕಾಯಿದೆ ಬಂದಿದೆ. ನಿಷೇಧವಿದ್ದಲ್ಲಿ ವ್ಯಾಪಾರ ಕತ್ತಲಿಗೆ ಸರಿಯುತ್ತದೆ. ಜೋತ ಕೋಡಿನ ಎತ್ತನ್ನು ಇತರ ದನಗಳ ಜೊತೆ ಟ್ರಕ್ಕಿನಲ್ಲಿ ತುಂಬಿ ರಾತ್ರಿ ಒಯ್ಯುವುದನ್ನು ನೆನೆಸಿಕೊಂಡರೆ ನನಗೆ ಅನ್ನ ಇಳಿಯುವುದಿಲ್ಲ. ದಾರಿಯಲ್ಲಿ ಸಿಕ್ಕಿಬೀಳುವ ಭಯವಾದರೆ ಎಲ್ಲೋ ಇಳಿಸಿ ಬಿಟ್ಟೂ ಹೋಗುತ್ತಾರೆ. ನಾನು ಇರುವತನಕ ಸರ್ಜಾ ಈ ಅಂಗಳ ಬಿಟ್ಟು ಹೋಗುವುದಿಲ್ಲ. ಕಾಕಾನಿಗೂ ಇದನ್ನೇ ಹೇಳಿದೆ. ಅವನು ನಂಬರ್ ಹರಿದು ಒಲೆಗೆ ಹಾಕಿದ.

ನಿನಗೆ 2012–13ರ ಬರ ನೆನಪಿರಬೇಕು. ಜತ್ತ ತಾಲೂಕಿನಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುತ್ತಿದ್ದ ವರ್ಷ. ಸರ್ಕಾರ ಚಾರಾ ಛಾವಣಿ ತೆರೆದಾಗ ಊರಿನ ದನಗಳೆಲ್ಲ ತಾಡಪತ್ರಿಯ ನೆರಳಿನಲ್ಲಿ ಸಾಲಾಗಿ ನಿಂತಿದ್ದವು. ಸರ್ಜಾ ಆಗ ಹಲ್ಲು ಹಚ್ಚದ ಕರು. ಸಾಲಿ ಬಿಟ್ಟ ಕೂಡಲೇ ನೀನು ಚೀಲ ಹೆಗಲಿಗಿದ್ದ ಹಾಗೆಯೇ ಅಲ್ಲಿಗೆ ಓಡುತ್ತಿದ್ದಿ, ನಿನ್ನ ರೊಟ್ಟಿಯಲ್ಲಿ ಅರ್ಧ ಅವನಿಗೆ. ಬರ ಕಳೆದ ಮೇಲೆ ಅವನು ಎಡಗೋಲಿಗೆ ಬಂದ. ಕೂರಿಗೆ, ಕುಂಟೆ, ಬಂಡಿ ಎಲ್ಲದಕ್ಕೂ ಹೆಗಲು ಕೊಟ್ಟ. ನೀನು ಸಾಂಗಲಿಯಲ್ಲಿ ಓದಿದ ಮೊದಲ ವರ್ಷಗಳ ಫೀ ಅವನು ಬಿತ್ತಿದ ಜೋಳ, ತೊಗರಿಯಿಂದ ಬಂದದ್ದು. ದಾಳಿಂಬೆ ಗಿಡ ನೆಟ್ಟು ಟ್ರ್ಯಾಕ್ಟರ್ ತಂದದ್ದು ಆಮೇಲೆ. ಆ ಋಣವನ್ನು ನಾವು ಅವನಿಗೆ ತೀರಿಸಬೇಕು, ಅದೂ ಅವನಿಗೆ ಬೇಕಾದ ರೀತಿಯಲ್ಲಿ.

ಶಿರವಳದ ಕ್ರಾಂತಿಸಿಂಹ ನಾನಾ ಪಾಟೀಲ ಪಶುವೈದ್ಯಕೀಯ ಕಾಲೇಜು ದೊಡ್ಡ ಜಾಗ. ಅಲ್ಲಿನ ವಿದ್ಯೆಯ ಬಗ್ಗೆ ನನಗೆ ಗೌರವವಿದೆ. ಆದರೆ ಇಲ್ಲಿಂದ 200 ಕಿಲೋಮೀಟರಿಗೂ ಮಿಕ್ಕ ದಾರಿ. ವೈಶಾಖದ ಬಿಸಿಲು, ಟೆಂಪೋದಲ್ಲಿ ನಿಂತೇ ಹೋಗಬೇಕು, ಬ್ರೇಕ್ ಹಾಕಿದಾಗಲೆಲ್ಲ ಆ ಕೋಡು ಕಟಕಟಿಗೆ ಬಡಿಯುತ್ತದೆ. ವಯಸ್ಸಿನ ಎತ್ತು ಒಮ್ಮೆ ಗಾಡಿಯಲ್ಲಿ ಕುಸಿದರೆ ಎಬ್ಬಿಸುವುದು ಕಷ್ಟ. ಇದು ಹರೆಯದ ಎತ್ತಾಗಿದ್ದರೆ, ಅಥವಾ ಇಲ್ಲಿ ಮಾಡುವವರೇ ಇಲ್ಲದಿದ್ದರೆ, ನಾನೇ ಗಾಡಿ ಕರೆಸುತ್ತಿದ್ದೆ. ಕೋಡು ತೆಗೆಯುವ ಆಪರೇಷನ್ ನಮ್ಮ ಡಾಕ್ಟರರಿಗೆ ಹೊಸದಲ್ಲ. ದನದ ಮನೆಯ ಮುಂದಿನ ಅಂಗಳದಲ್ಲೇ ಮಾಡಿಸೋಣ.

ಹೇಗೆ ಮಾಡುತ್ತಾರೆ ಎಂದು ನಿನಗೆ ಬಿಡಿಸಿ ಹೇಳುತ್ತೇನೆ, ತಿಳಿಯದಿದ್ದರೆ ಮನಸ್ಸು ಇಲ್ಲದ್ದನ್ನೆಲ್ಲ ಕಟ್ಟಿಕೊಳ್ಳುತ್ತದೆ. ಹಿಂದಿನ ದಿನ ಮೇವು ಹಾಕುವಂತಿಲ್ಲ. ಹೊಟ್ಟೆ ತುಂಬಿದ ಎತ್ತನ್ನು ಕೆಡವಿದರೆ ಹೊಟ್ಟೆ ಉಬ್ಬುತ್ತದೆ, ತಿಂದದ್ದು ಗಂಟಲಿಗೆ ಬಂದು ಶ್ವಾಸಕ್ಕೆ ಇಳಿಯುವ ಅಪಾಯವೂ ಇದೆ. ಮೊದಲು ಝೈಲಜಿನ್ ಎಂಬ ಮಂಪರಿನ ಇಂಜೆಕ್ಷನ್. ಆಮೇಲೆ ಕಣ್ಣಿಗೂ ಕೋಡಿಗೂ ನಡುವೆ ಹಾದುಹೋಗುವ ನರದ ಹತ್ತಿರ ಲಿಗ್ನೋಕೇನ್ ಹಾಕಿ ಆ ಭಾಗ ಜೋಮು ಹಿಡಿಸುತ್ತಾರೆ. ಹಲ್ಲು ಕೀಳುವ ಮೊದಲು ನಿನ್ನ ವಸಡಿಗೆ ಹಾಕಿದ್ದು ಇದೇ ಮದ್ದು. ಬುಡದ ಸುತ್ತ ಚರ್ಮ ಬಿಡಿಸಿ, ತಂತಿ ಗರಗಸದಿಂದ ಕೋಡು ಕೊಯ್ದು, ರಕ್ತನಾಳ ಕಟ್ಟಿ, ಒಳಗೆ ಉಳಿದ ರೋಗವನ್ನೆಲ್ಲ ಕೆರೆದು ತೆಗೆದು, ಚರ್ಮವನ್ನು ಮೇಲೆಳೆದು ಹೊಲಿಯುತ್ತಾರೆ. ಹಣೆಯ ಗೂಡು ತೆರೆದುಕೊಳ್ಳುವುದರಿಂದ ನಿಜವಾದ ಕೆಲಸ ಇರುವುದು ಆಮೇಲೆ. ನೊಣ ಕೂತರೆ ಹುಳ ಬೀಳುತ್ತವೆ. ಮಳೆ ಹಿಡಿದರೆ ನೊಣ ಹೆಚ್ಚುತ್ತವೆ, ಮಿರಗದ ಮೊದಲೇ ಮುಗಿಸಬೇಕು ಎಂದು ಡಾಕ್ಟರರು ಅವಸರ ಮಾಡುತ್ತಿರುವುದು ಅದಕ್ಕೇ. ಹೊಲಿಗೆ ಬಿಚ್ಚುವವರೆಗೆ ಪಟ್ಟಿ ಬದಲಿಸುವುದು, ಗಾಯ ಒಣಗಿಡುವುದು, ಅಂಗಳದ ಸಗಣಿ ಗಂಜಲ ಹೊತ್ತುಹೊತ್ತಿಗೆ ತೆಗೆಯುವುದು, ಇದೆಲ್ಲ ನಿಮ್ಮ ಅಪ್ಪ ಮತ್ತು ನನ್ನ ಪಾಲಿಗೆ.

ಕೋಡು ತೆಗೆದ ನಂತರ ವಿನ್‌ಕ್ರಿಸ್ಟಿನ್ ಎಂಬ ಇಂಜೆಕ್ಷನ್ ವಾರಕ್ಕೊಮ್ಮೆ ರಕ್ತನಾಳಕ್ಕೆ ಕೊಡಬಹುದು ಎಂದಿದ್ದಾರೆ. ನಮ್ಮ ಗುಡಿಯ ಅಂಗಳದಲ್ಲಿ ವರ್ಷವಿಡೀ ಹೂ ಬಿಡುವ ಸದಾಪುಷ್ಪದ ಗಿಡದಿಂದ ಸಿಕ್ಕಿದ ಮದ್ದು ಅದು. 1960ರ ದಶಕದಿಂದ ಮಕ್ಕಳ ರಕ್ತದ ಕ್ಯಾನ್ಸರಿಗೂ ಕೊಡುತ್ತಿದ್ದಾರೆ, ಓಣಿಯ ನಾಯಿಗಳ ಜನನಾಂಗಕ್ಕೆ ಬರುವ ಅಂಟುಗಡ್ಡೆಯನ್ನು ಅದೇ ಕರಗಿಸುತ್ತದೆ. ಆದರೆ ಉಗ್ರ ಮದ್ದು. ರಕ್ತನಾಳದಿಂದ ಹೊರಗೆ ಸೋರಿದರೆ ಮಾಂಸ ಸುಡುತ್ತದೆ, ಮೇವು ಬೇಡವೆನಿಸುತ್ತದೆ. ಕೊಟ್ಟ ದಿನಗಳಲ್ಲಿ ಸಗಣಿ ಬಳಿಯುವವರು ಕೈಗವಸು ಹಾಕಿಕೊಳ್ಳಬೇಕು, ಗರ್ಭಿಣಿಯರು ಹತ್ತಿರ ಹೋಗಬಾರದು. ನಿಮ್ಮ ಕಾಕೂಗೆ ಈಗ ಐದು ತಿಂಗಳು, ಅವಳನ್ನು ದನದ ಮನೆಯಿಂದ ದೂರ ಇಟ್ಟಿದ್ದೇವೆ. ನನ್ನ ಮಾತು ಹೀಗಿದೆ: ಕೋಡು ತೆಗೆದ ಮೇಲೆ ಅವನು ಮೇಯತೊಡಗಿದರೆ ಇಂಜೆಕ್ಷನ್ ಶುರು ಮಾಡೋಣ. ಅದರಿಂದಲೇ ಮೇವು ಬಿಟ್ಟನೆಂದರೆ ಅಲ್ಲಿಗೇ ನಿಲ್ಲಿಸೋಣ. ರೋಗ ಮರಳಿ ಬಂದರೆ ಇನ್ನೊಮ್ಮೆ ಕೊಯ್ಯಿಸುವುದು ಬೇಡ. ಕೋಡು ತೆಗೆಸಲು ನಾನು ಒಪ್ಪಿದ್ದು ಅವನಿಗೆ ಹತ್ತು ವರ್ಷ ಗಳಿಸಿಕೊಡುವುದಕ್ಕಲ್ಲ. ಆ ಕೊಳೆಯುವ ಭಾರ ತಲೆಯಿಂದ ಇಳಿದರೆ ಉಳಿದ ದಿನ ಎಷ್ಟಿದ್ದರೂ ಅವನು ತಲೆ ನೆಟ್ಟಗಿಟ್ಟು ಮೇಯುತ್ತಾನೆ.

ಈಗ ನಿನ್ನ ಎರಡನೆಯ ಮಾತಿಗೆ ಬರುತ್ತೇನೆ. ಸೂಜಿ ಹಾಕಿ ಮಲಗಿಸುವುದು ಪಾಪವೇ ಎಂದು ನಿಮ್ಮ ಆಯಿ ನನ್ನನ್ನು ಕೇಳಿದಳು. ನಾನು ಅವಳಿಗೆ ಗಾಂಧೀಜಿಯ ಕತೆ ಹೇಳಿದೆ. 1928ರಲ್ಲಿ ಸಾಬರಮತಿ ಆಶ್ರಮದ ಒಂದು ಕರು ವಾಸಿಯಾಗದ ನೋವಿನಲ್ಲಿ ಬಿದ್ದಿತ್ತು. ಮಗ್ಗಲು ಬದಲಿಸಲೂ ಆಗದ ಸ್ಥಿತಿ. ಎಲ್ಲ ಉಪಚಾರ ಮಾಡಿ ಸೋತ ಮೇಲೆ, ಆಶ್ರಮದವರೊಡನೆ ಚರ್ಚಿಸಿ, ಡಾಕ್ಟರರನ್ನು ಕರೆಸಿ, ತಾವೇ ಎದುರು ನಿಂತು ಇಂಜೆಕ್ಷನ್ ಕೊಡಿಸಿದರು. ಅಹಿಂಸೆಯ ಮನುಷ್ಯ ಕರುವನ್ನು ಕೊಲ್ಲಿಸಿದ ಎಂದು ದೇಶದಾದ್ಯಂತ ಸಿಟ್ಟಿನ ಕಾಗದಗಳು ಬಂದವು. ಅವರು ಅಡಗಿಸಿಡಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ 'ಯಂಗ್ ಇಂಡಿಯಾ'ದಲ್ಲಿ ಬರೆದು, ತಾವು ಮಾಡಿದ್ದು ಅಹಿಂಸೆಯೇ ಎಂದು ವಾದಿಸಿದರು. ನಾನು ಗಾಂಧೀಜಿಯ ಪಕ್ಷದವನು. ಆದರೆ ಅವರು ಆ ತೀರ್ಮಾನಕ್ಕೆ ಬಂದದ್ದು ಮಾಡುವುದು ಏನೂ ಉಳಿಯದಾಗ. ಸರ್ಜಾ ಇವತ್ತು ಆ ಕರುವಿನ ಸ್ಥಿತಿಯಲ್ಲಿಲ್ಲ. ಮೆಲುಕು ಹಾಕುವ ಎತ್ತನ್ನು ನಮಗೆ ನೋಡಲಾಗದೆಂದು ಮಲಗಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಮಾಡುವುದು ಏನೂ ಉಳಿಯದ ದಿನ ಬಂದರೆ ಗುರುತಿಸುವುದು ಹೇಗೆ? ಇದನ್ನೇ ನಾನು ರಾತ್ರಿಯೆಲ್ಲ ಯೋಚಿಸಿದ್ದೇನೆ. ಕೊನೆಗೆ ನೆನಪಾದದ್ದು ಕೋರ್ಟಿನ ಒಂದು ತೀರ್ಪು. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಬಂಡಿ ಶರ್ಯತ್ತುಗಳನ್ನು ನಿಲ್ಲಿಸಿದ ತೀರ್ಪು ನಿನಗೆ ಗೊತ್ತು, ಆಗ ನಮ್ಮೂರಿನ ಹುಡುಗರೆಲ್ಲ ಕೋರ್ಟನ್ನು ಬೈದರು. 2023ರಲ್ಲಿ ಸಂವಿಧಾನ ಪೀಠ ಶರ್ಯತ್ತಿಗೆ ಮತ್ತೆ ದಾರಿ ಮಾಡಿತು. ಆದರೆ 2014ರ ಆ ತೀರ್ಪಿನಲ್ಲಿ ಒಂದು ಒಳ್ಳೆಯ ಮಾತಿತ್ತು. ಪ್ರತಿ ಪ್ರಾಣಿಗೂ ಐದು ಬಿಡುಗಡೆ ಇರಬೇಕು: ಹಸಿವು ನೀರಡಿಕೆಯಿಂದ, ಭಯ ಸಂಕಟದಿಂದ, ಮೈಗೆ ಒಗ್ಗದ ಇರುವಿನಿಂದ, ನೋವು ಗಾಯ ರೋಗದಿಂದ, ಮತ್ತು ತನ್ನ ಸ್ವಭಾವದಂತೆ ನಡೆಯುವ ಬಿಡುಗಡೆ. ನಾನು ಗ್ವಾದಲಿಯ ಮೇಲಿನ ಕ್ಯಾಲೆಂಡರಿನಲ್ಲಿ ದಿನದಿನ ಇದನ್ನೇ ಗುರುತು ಮಾಡುತ್ತಿದ್ದೇನೆ. ಮೇವು ತಿಂದನೇ? ತಾನಾಗಿ ಎದ್ದನೇ? ಮೆಲುಕು ಹಾಕಿದನೇ? ನೋವಿನ ಮದ್ದು ಕೊಟ್ಟ ಮೇಲೆ ತಲೆ ಕೊಡವುವುದು ಕಡಿಮೆಯಾಯಿತೇ? ಕರೆದರೆ ಕಿವಿ ಎತ್ತಿದನೇ? ಸಂಜೆಗೆ ಒಳ್ಳೆಯ ದಿನವೋ ಕೆಟ್ಟ ದಿನವೋ ಎಂದು ಒಂದು ಗೆರೆ. ಕೆಟ್ಟ ದಿನಗಳು ಸಾಲಾಗಿ ಬರತೊಡಗಿದರೆ, ಮೆಲುಕು ನಿಂತರೆ, ಎಬ್ಬಿಸಿದರೂ ಏಳಲಾಗದೆ ಮಗ್ಗಲು ಹುಣ್ಣಾದರೆ, ನಾನು ಡಾಕ್ಟರರನ್ನು ಕರೆಸುತ್ತೇನೆ. ಬದುಕಿಸಿಡುವುದೇ ಕ್ರೌರ್ಯವಾಗುವ ಸ್ಥಿತಿ ಒಂದಿದೆ ಎಂದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 13ನೆಯ ಕಲಮೂ ಒಪ್ಪುತ್ತದೆ. ಎತ್ತಿನ ವಿಷಯವಾದ್ದರಿಂದ ಡಾಕ್ಟರರ ಬರಹ ಕೈಯಲ್ಲಿಲ್ಲದೆ ಏನನ್ನೂ ಮಾಡುವುದಿಲ್ಲ. ಅಂದು ನಾನು ಅವನ ಕೊರಳ ಹತ್ತಿರ ಕೂತಿರುತ್ತೇನೆ.

ಅಲ್ಲಿಯತನಕ ನೋವು ತಿನ್ನಿಸುವುದು ಬೇಡ. ಮೆಲಾಕ್ಸಿಕ್ಯಾಮ್ ಕೊಡುತ್ತಿದ್ದಾರೆ, ಅದರಿಂದ ಅವನಿಗೆ ರಾತ್ರಿ ನಿದ್ದೆ ಹತ್ತುತ್ತಿದೆ. ನಿಮ್ಮ ಅಪ್ಪ ತನ್ನ ಮೊಣಕಾಲಿಗೆ ತಂದ ಡೈಕ್ಲೋಫಿನಾಕ್ ಮನೆಯಲ್ಲಿತ್ತು, ಅದನ್ನೇ ಕೊಡೋಣವೇ ಎಂದ. ದನಕ್ಕೆ ಅದನ್ನು 2006ರಲ್ಲೇ ನಿಷೇಧಿಸಿದ್ದಾರೆ. ಆ ಮದ್ದು ಹಾಕಿದ ದನ ಸತ್ತರೆ, ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಅದೂ ಸಾಯುತ್ತದೆ. ನಾನು ಹುಡುಗನಾಗಿದ್ದಾಗ ಊರ ಹೊರಗಿನ ಬಯಲಿನಲ್ಲಿ ಸತ್ತ ದನ ಹಾಕಿದರೆ ಆಕಾಶವೇ ಕಪ್ಪಾಗುವಷ್ಟು ಹದ್ದು ಇಳಿಯುತ್ತಿದ್ದವು. ನೀನು ಒಂದನ್ನೂ ಕಂಡಿಲ್ಲ. ಕೀಟೊಪ್ರೊಫೆನ್, ಅಸಿಕ್ಲೋಫಿನಾಕ್‌ಗಳನ್ನೂ 2023ರಲ್ಲಿ ದನಗಳಿಗೆ ನಿಲ್ಲಿಸಿದರು. ಸರ್ಜಾನನ್ನು ಹೇಗೂ ಬಯಲಿಗೆ ಹಾಕುವುದಿಲ್ಲ. ಸೂಜಿ ಹಾಕಿ ಮಲಗಿಸಿದ ದನದ ಮೈಯಲ್ಲಿ ಸೂಜಿಯ ಮದ್ದು ಉಳಿಯುತ್ತದೆ, ನಾಯಿ ನರಿ ತಿಂದರೆ ಅವೂ ಸಾಯುತ್ತವೆ. ಬಾವಿಯಿಂದ ದೂರ, ಹುಣಸಿ ಗಿಡದ ಹೊಲದಲ್ಲಿ ಆಳವಾಗಿ ತೋಡಿ ಸುಣ್ಣ ಹಾಕಿ ಮುಚ್ಚೋಣ ಎಂದು ಮಾತಾಗಿದೆ. ಇದನ್ನು ಬರೆಯುವಾಗ ಕೈ ನಡುಗಿತು. ಆದರೂ ಮೊದಲೇ ಮಾತಾಡಿಟ್ಟರೆ ಆ ಗಳಿಗೆಯಲ್ಲಿ ಯಾರೂ ಜಗಳಾಡುವುದಿಲ್ಲ.

ಓಣಿಯ ಹಿರಿಯರು ಕೆಲವರು ಚುಟಿಗೆ ಹಾಕಿಸಿ ಎಂದರು. ಕಾದ ಕಬ್ಬಿಣವನ್ನು ಆ ಹುಣ್ಣಿಗೆ ತಾಗಿಸಲು ನಾನು ಬಿಡಲಿಲ್ಲ, ಬಿಡುವುದೂ ಇಲ್ಲ. ಆಯಿ ಹುಲಜಂತಿಯ ಮಹಾಲಿಂಗರಾಯನಿಗೆ ಹರಕೆ ಹೊತ್ತಿದ್ದಾಳೆ. ಅದಕ್ಕೆ ನನ್ನ ತಕರಾರಿಲ್ಲ, ನಾನೂ ಕೈ ಮುಗಿದಿದ್ದೇನೆ. ಭಂಡಾರ ಹಣೆಗೆ ಹಚ್ಚು, ಗಾಯಕ್ಕೆ ಬೇಡ ಎಂದಷ್ಟೇ ಹೇಳಿದೆ. ಈ ಸಲದ ಕಾರಹುಣ್ಣಿಮೆಗೆ, ನಮ್ಮ ಮರಾಠಿ ನೆರೆಯವರ ಕರ್ನಾಟಕಿ ಬೇಂದೂರಕ್ಕೆ, ಅವನಿಗೆ ಬಣ್ಣ ಕೊಡಣಸು ಏನೂ ಇಲ್ಲ. ಜೂಲ ಹೊದಿಸಿ, ಕೊರಳಿಗೆ ಗೆಜ್ಜೆಸರ ಕಟ್ಟಿ, ಹೋಳಿಗೆ ತಿನ್ನಿಸೋಣ. ಕರಿ ಹರಿಯುವ ಕಡೆಗೆ ಕರೆದೊಯ್ಯುವುದೂ ಬೇಡ, ಡೊಳ್ಳಿನ ಸಪ್ಪಳಕ್ಕೆ ಬೆದರುತ್ತಾನೆ.

ನಿನ್ನ ರೂಮಿನ ಗೆಳತಿಯ ಮನೆಯಲ್ಲಿ ಮುದಿ ನಾಯಿಯ ಮೊಲೆಯಲ್ಲಿ ಗಂಟು ಕಂಡಿದೆ, ಅವರೂ ಏನು ಮಾಡುವುದೆಂದು ತಿಳಿಯದೆ ಕೂತಿದ್ದಾರೆ ಎಂದಿದ್ದಿ. ಅವಳಿಗೂ ಇದನ್ನು ಹೇಳು. ಗರ್ಭಕೋಶ ತೆಗೆಸದ ಹೆಣ್ಣುನಾಯಿಗಳಲ್ಲಿ ಮುಪ್ಪಿನಲ್ಲಿ ಈ ಗಂಟು ಬರುವುದು ತೀರಾ ಸಾಮಾನ್ಯ. ಎಲ್ಲವೂ ಕೆಟ್ಟ ಗಂಟೇ ಆಗಿರುವುದಿಲ್ಲ, ಸಣ್ಣದಿದ್ದಾಗಲೇ ತೆಗೆಸಿ ಪರೀಕ್ಷೆಗೆ ಕಳಿಸಿದರೆ ಬಹಳಷ್ಟು ನಾಯಿಗಳು ಉಳಿಯುತ್ತವೆ. ಹೆದರಿ ಕಾಯುತ್ತ ಕೂರುವುದು ಬೇಡ ಎನ್ನು. ತೆಗೆಸುವ ಮೊದಲು ಎದೆಯ ಎಕ್ಸ್‌ರೇ ತೆಗೆಸಿ ಪುಪ್ಪುಸಕ್ಕೆ ಹರಡಿದೆಯೇ ನೋಡಿಕೊಳ್ಳಲಿ. ಹರಡಿದ್ದರೆ ಕೊಯ್ಯಿಸದೆ ನೋವಿನ ಮದ್ದು ಕೊಟ್ಟು, ಅದಕ್ಕೆ ಹಿತವಾದ ಮೂಲೆಯಲ್ಲಿ ಇಟ್ಟುಕೊಳ್ಳಲಿ. ಊರ ಕಡೆ ದನ ಇರುವವರು ಯಾರಾದರೂ ಕೇಳಿದರೆ 1962 ನಂಬರಿಗೆ ಫೋನ್ ಮಾಡಲು ಹೇಳು, ಗಡಿಯ ಈಚೆಯೂ ಆಚೆಯೂ ದನದ ಆಂಬುಲೆನ್ಸಿಗೆ ಅದೇ ನಂಬರು. ಎತ್ತು ಪದೇಪದೇ ತಲೆ ಕೊಡವಿದರೆ, ಒಂದೇ ಹೊಳ್ಳೆಯಿಂದ ರಕ್ತ ಬಂದರೆ, ಕೋಡಿನ ಬುಡ ಬಿಸಿಯಾದರೆ ಅಮಾವಾಸ್ಯೆ ಹುಣ್ಣಿಮೆ ನೋಡದೆ ಅದೇ ದಿನ ತೋರಿಸಬೇಕು.

ರೊಕ್ಕ ಕಳಿಸುತ್ತೇನೆ ಎಂದಿ. ಸದ್ಯಕ್ಕೆ ಬೇಡ, ಆಪರೇಷನ್ನಿನ ಖರ್ಚು ನಮ್ಮ ಕೈಗೆ ನಿಲುಕುವಷ್ಟೇ ಇದೆ. ನೀನು ಬಾ. ಅವನ ಈ ಮುಖ ನೋಡಲಾರೆ ಎಂದು ದೂರ ಉಳಿಯಬೇಡ ಮಗಳ. ಅವನಿಗೆ ನಿನ್ನ ದನಿ ಗೊತ್ತು, ಮಂಪರಿನಿಂದ ಎಚ್ಚರಾಗುವಾಗ ಪರಿಚಯದ ದನಿ ಕಿವಿಗೆ ಬಿದ್ದರೆ ಬೆದರಿ ಗಾಯ ಬಡಿದುಕೊಳ್ಳುವುದಿಲ್ಲ ಎಂದು ಡಾಕ್ಟರರೂ ಹೇಳಿದರು. ನಾನು ಹೇಳಿದ್ದೇ ಕೊನೆಯ ಮಾತಲ್ಲ. ಬಂದು ಒಂದು ಹಗಲು ಅವನ ಜೊತೆ ಕೂಡು, ಮೇಯುವುದನ್ನೂ ಮಲಗುವುದನ್ನೂ ನೋಡು. ಆಮೇಲೂ ಕೋಡು ತೆಗೆಸುವುದು ಬೇಡವೆನಿಸಿದರೆ ಡಾಕ್ಟರರ ಎದುರಿಗೆ ಹೇಳು, ನಾನೂ ನಿಮ್ಮ ಅಪ್ಪನೂ ಕೇಳುತ್ತೇವೆ.

ಆಪರೇಷನ್ ಬರುವ ಸೋಮವಾರ ಬೆಳಿಗ್ಗೆ, ಬಿಸಿಲೇರುವ ಮುಂಚೆ. ಶುಕ್ರವಾರ ರಾತ್ರಿ ಪುಣೆಯಿಂದ ಬಸ್ಸು ಹತ್ತು, ಜತ್ತಿನ ಸ್ಟ್ಯಾಂಡಿಗೆ ಅಪ್ಪ ಬೈಕು ತರುತ್ತಾನೆ. ಬರುವಾಗ ಅಲ್ಲಿಯ ಅಂಗಡಿಯಿಂದ ಅಗಲ ಬ್ಯಾಂಡೇಜು ಮತ್ತು ರಬ್ಬರಿನ ಕೈಗವಸು ಹೆಚ್ಚಿಗೆ ತಾ, ಇಲ್ಲಿ ಸಾಕಷ್ಟು ಸಿಕ್ಕಿಲ್ಲ.

ನಿನ್ನ ಮುತ್ಯಾ